ಅಕ್ಕ ಕಳೆದ ಚಪ್ಪಲಿಗಳು

ನಮ್ಮ ಅಕ್ಕನಷ್ಟು ಚಪ್ಪಲಿ ಕಳೆದವರು ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಮದುವೆಗೆ ಹೋದರೆ ಒಂದು ಜೊತೆ, ಗುಡಿಗೆ ಹೋದರೆ ಒಂದು, ದವಾಖಾನೆಗೆ ಹೋದರೆ ಇನ್ನೊಂದು. ಕೆಲವು ಸಲ ಪೂರ್ತಿ ಕಳೆದುಕೊಂಡು ಬರುತ್ತಿದ್ದಳು, ಕೆಲವು ಸಲ ಬೇರೆಯವರದನ್ನು ಮೆಟ್ಟಿಕೊಂಡು ಬರುತ್ತಿದ್ದಳು, ಕೆಲವು ಸಲ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು. ನಮ್ಮ ಮನೆಯಲ್ಲಿ ಇದು ದೊಡ್ಡ ತಮಾಷೆ. ನಾಲ್ಕು ಜನ ಕೂಡಿದ ಕಡೆ ಅಕ್ಕನ ಚಪ್ಪಲಿಯ ಮಾತು ಬರಲೇಬೇಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಲೇಬೇಕು. ಚಪ್ಪಲಿಯ ಹಿಂದೆಯೇ ಅವಳ ಕಾಲೂ ಹೋಗುತ್ತಿದೆ ಎಂದು ನಮಗಾರಿಗೂ ತಿಳಿಯಲಿಲ್ಲ. ಈಗ ಬರೆಯಲು ಕೂತರೆ ಆ ನಗುವೇ ಮೊದಲು ನೆನಪಾಗುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ.

ನಾವಿಬ್ಬರೇ ಅಕ್ಕತಂಗಿಯರು. ತವರು ಮಾನ್ವಿ ತಾಲೂಕಿನ ಬಾಗಲವಾಡ. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟರು. ನಾನು ಓದಿ, ರಾಯಚೂರಿನ ಶಾಲೆಯೊಂದರಲ್ಲಿ ಟೀಚರಾಗಿ ಅಲ್ಲೇ ಮನೆ ಮಾಡಿಕೊಂಡೆ. ಭಾವ ತೀರಿಕೊಂಡ ಮೇಲೆ ಅಕ್ಕ ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ಮದುವೆಯಿರಲಿ, ತೊಟ್ಟಿಲ ಕಾರ್ಯವಿರಲಿ, ಅವಳ ಖಡಕ್ ರೊಟ್ಟಿ ಬೇಕೆಂದರೆ ದೇವದುರ್ಗದವರು ಮೊದಲೇ ಹೇಳಿಡಬೇಕು. ಸೊಸೆ ಹಿಟ್ಟು ನಾದಿ ಕೊಟ್ಟರೆ ಅಕ್ಕ ಬಡಿಯುವುದು. ಮಾತೂ ಜೋರು, ಕೈಯೂ ಜೋರು. ನನಗೆ ಐವತ್ತು ದಾಟಿದ್ದರೂ ಅವಳ ಲೆಕ್ಕದಲ್ಲಿ ನಾನಿನ್ನೂ ಲಂಗ ಹಾಕಿದ ಹುಡುಗಿಯೇ. ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸುತ್ತಿದ್ದವಳು ಅವಳೇ. ಅವಳು ಕಥೆ ಹೇಳಬೇಕು, ನಾನು ಹೂಂಗುಟ್ಟಬೇಕು. ಹೂಂ ತಡವಾದರೆ "ಮಲಕ್ಕೊಂಡೇನ ಬೇ?" ಎಂದು ಚಿವುಟುತ್ತಿದ್ದಳು. ಕಥೆ ಮುಗಿಯುವ ತನಕ ನಿದ್ದೆ ಮಾಡುವ ಹಕ್ಕೂ ನನಗಿರಲಿಲ್ಲ.

ಸಕ್ಕರೆ ಕಾಯಿಲೆ ಮೊದಲು ಅವಳಿಗೆ ಬಂತು, ಕೆಲವು ವರ್ಷ ಬಿಟ್ಟು ನನಗೂ ಬಂತು. "ತವರಮನಿಯಿಂದ ಇಬ್ರಿಗೂ ಸಮಪಾಲು ಬಂದಿದ್ದು ಇದೊಂದ ನೋಡು" ಎಂದು ಅಕ್ಕ ನಗುತ್ತಿದ್ದಳು. ಅವಳು ಗುಳಿಗೆ ತಪ್ಪಿಸುತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ ತಿಂದರೂ ಮರುದಿನ ಒಂದು ಹೊತ್ತು ಬರೀ ಮಜ್ಜಿಗೆ ಕುಡಿದು ಸರಿಮಾಡುತ್ತಿದ್ದಳು. ಅಷ್ಟು ಮಾಡಿದರೆ ರೋಗ ತನ್ನ ಪಾಡಿಗೆ ತಾನು ಇರುತ್ತದೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಮೊದಲು ಶುರುವಾದದ್ದು ಅಂಗಾಲಿನ ಉರಿ. ಫೋನಿನಲ್ಲಿ ಹೇಳುತ್ತಿದ್ದಳು: "ಕಾಲಿಗೆ ಕಟ್ಟಿರುವಿ ಹತ್ತಿದಂಗ ಆಗತದ ತಂಗಿ. ಚುಮುಚುಮು ಅಂತಾವ. ತಣ್ಣನ ನೆಲದ ಮ್ಯಾಲ ಕಾಲಿಟ್ರ ಆರಾಮ ಅನಸ್ತದ."

"ಉಷ್ಣ ಆಗ್ಯಾದ ಯಕ್ಕಾ. ದಿನಾ ಒಲಿ ಮುಂದ ಕುಂದರತಿ, ಇನ್ನೇನಾಗತದ?" ಎಂದೆ ನಾನು.

ನಮ್ಮ ಕಡೆ ಬೇಸಿಗೆಯಲ್ಲಿ ಏನೇ ಆದರೂ ಉಷ್ಣ. ತಲೆ ಸಿಡಿದರೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ. ರಾಯಚೂರಿನ ಬಿಸಿಲು ಕಂಡವರು ಯಾರೂ ಈ ಮಾತಿಗೆ ಎದುರಾಡುವುದಿಲ್ಲ. ಅಕ್ಕ ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು, ಸಬ್ಜಾ ಬೀಜ ನೆನೆಸಿ ಕುಡಿದಳು. ಹೀಗೆ ಬಹಳ ಕಾಲ ನಡೆಯಿತು. ಆಮೇಲೊಂದು ದಿನ ಖುಷಿಯಿಂದ ಫೋನ್ ಮಾಡಿದಳು. "ಉರಿ ನಿಂತದ ನೋಡು! ಹರಳೆಣ್ಣಿ ಕೆಲಸ ಮಾಡ್ತು. ಈಗ ಏನಂದ್ರ ಏನೂ ಇಲ್ಲ."

ಏನಂದ್ರೆ ಏನೂ ಇಲ್ಲ. ಆ ಮಾತು ಕೇಳಿ ನನಗೂ ಸಮಾಧಾನವಾಯಿತು. ಶಾಲೆಯಲ್ಲಿ ಅಂಗಾಲು ಉರಿ ಎಂದವರಿಗೆಲ್ಲ ಹರಳೆಣ್ಣೆಯ ಗುಣಗಾನ ಮಾಡಿದೆ. ಉರಿಯುವ ತನಕ ಆ ಕಾಲಿನ ನರಗಳಿಗೆ ಜೀವವಿತ್ತು, ಉರಿ ನಿಂತದ್ದು ಅವು ಸುಮ್ಮನಾದ್ದರಿಂದ ಎಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ. ನೋವು ಹೋದರೆ ರೋಗ ಹೋಯಿತು ಎಂದೇ ಅಲ್ಲವೇ ನಾವು ತಿಳಿದುಕೊಂಡು ಬಂದದ್ದು.

ಚಪ್ಪಲಿಯ ಕಥೆಗಳು ಶುರುವಾದದ್ದು ಅದಾದ ಮೇಲೆ. ಮಾನ್ವಿಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ. ಊಟ ಮುಗಿಸಿ ಕಲ್ಯಾಣ ಮಂಟಪದಿಂದ ಹೊರಗೆ ಬಂದು, ಬಸ್ ಸ್ಟ್ಯಾಂಡಿನ ತನಕ ನಡೆದು, ಕಟ್ಟೆಯ ಮೇಲೆ ಕೂತ ಮೇಲೆ ನಾನು ಅವಳ ಕಾಲು ನೋಡಿದೆ. ಒಂದು ಕಾಲಿನಲ್ಲಿ ಅವಳದೇ ಚಪ್ಪಲಿ. ಇನ್ನೊಂದರಲ್ಲಿ ಎರಡು ಬೆರಳು ಅಗಲ ಹೆಚ್ಚಿರುವ ಗಂಡಸರ ಕರಿ ಚಪ್ಪಲಿ.

"ಯಕ್ಕಾ, ಯಾರ ಗಂಡಂದು ಮೆಟ್ಟಿಕೊಂಡು ಬಂದೀದಿ?"

ಅವಳು ಬಗ್ಗಿ ನೋಡಿ ಹೌಹಾರಿದಳು. "ಯವ್ವಾ! ಇದ್ಯಾವಾಗ ಬಂತು ನನ್ನ ಕಾಲಾಗ?"

ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಮಟಮಟ ಮಧ್ಯಾಹ್ನ, ಅಷ್ಟು ದೊಡ್ಡ ಚಪ್ಪಲಿ ಪಟಪಟ ಬಡಿಯುತ್ತ ಬಂದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಗೊತ್ತಾಗದೆ ಇರುವುದು ಹೇಗೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಗಡಿಬಿಡಿಯ ಹೆಂಗಸು ಎಂದುಕೊಂಡೆವು, ಅಷ್ಟೆ.

ನೀರಮಾನ್ವಿಯ ಎಲ್ಲಮ್ಮ ನಮ್ಮ ಮನೆದೇವರು. ವರ್ಷಕ್ಕೆ ಒಂದೆರಡು ಸಲ ಯಾವುದಾದರೂ ಮಂಗಳವಾರ ಇಬ್ಬರೂ ಅಲ್ಲಿ ಕೂಡುತ್ತೇವೆ. ನಾನು ರಾಯಚೂರಿನಿಂದ ನೇರ ಬಸ್ಸಿಗೆ ಬರುತ್ತೇನೆ, ಅಕ್ಕ ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸಿಗೆ ಬರುತ್ತಾಳೆ. ತಾಯಿಗೆ ಉಡಿ ತುಂಬುವುದು, ಬುತ್ತಿ ಬಿಚ್ಚಿ ಊಟ ಮಾಡುವುದು, ಮನೆಮಂದಿಯನ್ನೆಲ್ಲ ಸಾವಕಾಶವಾಗಿ ಆಡಿಕೊಳ್ಳುವುದು. ಒಮ್ಮೆ ಹೀಗೆ ಬಸ್ಸಿಳಿದು ಗುಡಿಯ ತನಕ ನಡೆದು, ಬಾಗಿಲಲ್ಲಿ ಚಪ್ಪಲಿ ಬಿಡಲು ನಿಂತರೆ ಅಕ್ಕನ ಎಡಗಾಲಲ್ಲಿ ಬಿಡಲು ಚಪ್ಪಲಿಯೇ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಜಾರಿ ಬಿದ್ದಿತ್ತು. ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆದು ಬಂದಿದ್ದಳು. ನಾನು ಹಿಂದಕ್ಕೆ ಹೋಗಿ ಹುಡುಕಿದೆ, ಸಿಗಲಿಲ್ಲ.

ಹೂ ಮಾರುವ ಹೆಂಗಸು ಇದನ್ನೆಲ್ಲ ನೋಡುತ್ತ ಕೂತಿದ್ದಳು. "ಹುಡುಕಬ್ಯಾಡ್ರೀ ಯವ್ವಾ. ಗುಡಿ ಮುಂದ ಚಪ್ಪಲಿ ಹೋದ್ರ ಪೀಡಾ ಹೋತು ಅಂತ ತಿಳಕೋರಿ. ತಾಯಿನ ತೊಗೊಂಡಾಳ" ಎಂದಳು.

ಈ ನಂಬಿಕೆ ನಮಗೂ ಇತ್ತು. ಅಕ್ಕನ ಮುಖ ಅರಳಿತು. ಉಳಿದ ಇನ್ನೊಂದನ್ನೂ ಅಲ್ಲೇ ಗೋಡೆಯ ಬದಿಗೆ ಬಿಟ್ಟು, ಇನ್ನೊಂದು ತೆಂಗಿನಕಾಯಿ ಕೊಂಡು ಒಡೆಸಿದಳು. ಬರಿಗಾಲಲ್ಲೇ ಗುಡಿ ಸುತ್ತಿದಳು. ಅಂಗಳದ ಕಾದ ಕಲ್ಲುಗಳ ಮೇಲೆ ನಾನೂ ಉಳಿದ ಭಕ್ತರೂ ಕುಣಿಯುತ್ತ ಓಡಿದರೆ ಅವಳು ಮಾತ್ರ ನಿಧಾನವಾಗಿ, ನೆಟ್ಟಗೆ ನಡೆದಳು. "ಭಕ್ತಿ ಅಂದ್ರ ಇದು ನೋಡ್ರಿ" ಎಂದು ಹೂವಿನವಳು ನನ್ನನ್ನು ಮೂದಲಿಸಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಲ್ಲಿಂದ ಅಕ್ಕನ ಚಪ್ಪಲಿ ಎಲ್ಲಿ ಕಳೆದರೂ ಒಂದೇ ಮಾತು: ಪೀಡೆ ಹೋಯಿತು. ಸಂತೆಯಲ್ಲಿ ಕಳೆದರೂ ಪೀಡೆ, ಬಸ್ಸಿನಲ್ಲಿ ಕಳೆದರೂ ಪೀಡೆ. ಅವಳ ಮಗ ಹೊಸ ಜೊತೆ ತಂದುಕೊಟ್ಟಾಗಲೆಲ್ಲ "ಇನ್ನೆಷ್ಟು ಪೀಡಾ ಉಳದಾವ ಯವ್ವಾ?" ಎಂದು ಕೇಳುತ್ತಿದ್ದ. ನಗು ಮತ್ತೆ ಶುರು.

ನನ್ನ ಹೊಟ್ಟೆ ಉರಿಯುವುದು ದವಾಖಾನೆಯ ಮಾತು ನೆನಪಾದಾಗ. ದೇವದುರ್ಗದಲ್ಲಿ ಅಕ್ಕ ಪ್ರತಿ ಸಲ ತೋರಿಸುತ್ತಿದ್ದ ದವಾಖಾನೆಯ ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆದಿದ್ದರು. ರಜೆಗೆ ಹೋದಾಗ ನಾನೂ ಅವಳ ಜೊತೆಗಿರುತ್ತಿದ್ದೆ, ಇಬ್ಬರೂ ಶಿಸ್ತಾಗಿ ಹೊರಗೆ ಬಿಟ್ಟೇ ಹೋಗುತ್ತಿದ್ದೆವು. ಡಾಕ್ಟರರ ಎದುರಿನ ಸ್ಟೂಲಿನ ಮೇಲೆ ಅಕ್ಕ ಕೂರುವಾಗ ಕಾಲುಗಳೆರಡೂ ಬರಿದು, ಅವರ ಕಣ್ಣೆದುರಿಗೇ. ರಕ್ತದ ಸಕ್ಕರೆ ಎಷ್ಟೆಂದು ನೋಡುತ್ತಿದ್ದರು, ಬಿ.ಪಿ. ನೋಡುತ್ತಿದ್ದರು, ನಾಲಿಗೆ ಚಾಚು ಎನ್ನುತ್ತಿದ್ದರು. ಕಾಲಿನ ಕಡೆಗೆ ಒಮ್ಮೆಯೂ ಬಗ್ಗಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಅವರಿಗೂ ಪುರುಸೊತ್ತಿರಲಿಲ್ಲ ಎನ್ನಿ. ನಾವೂ ತೋರಿಸಲಿಲ್ಲ. ನೋವಿಲ್ಲದ ಕಾಲನ್ನು ಯಾರು ತೋರಿಸುತ್ತಾರೆ? ಅಲ್ಲಿಂದಲೂ ಒಮ್ಮೆ ಅಕ್ಕ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು.

ಹೋದ ವರ್ಷದ ಬೇಸಿಗೆಯಲ್ಲಿ ಮಾನ್ವಿಯ ಮದುವೆಯೊಂದಕ್ಕೆ ರೊಟ್ಟಿ ಕೊಡುವುದಿತ್ತು. ರೊಟ್ಟಿಯ ಬುಟ್ಟಿಗಳನ್ನು ಬಾಡಿಗೆ ಜೀಪಿನಲ್ಲಿ ಹೇರಿ ಅಕ್ಕ ಮುಂದೆ ಕೂತಳು. ಮೂರು ಜನ ಕೂರುವ ಮುಂದಿನ ಸೀಟಿನಲ್ಲಿ ಐದು ಜನ. ಅಕ್ಕನಿಗೆ ನಡುವೆ, ಗೇರಿನ ಪಕ್ಕ ಜಾಗ. ಅಲ್ಲಿ ಕೆಳಗಿನ ತಗಡು ಇಂಜಿನ್ನಿನ ಬಿಸಿಗೆ ಕಾಯುತ್ತದೆ. ಆ ಜಾಗದಲ್ಲಿ ಕೂತವರು ದಾರಿಯುದ್ದಕ್ಕೂ ಕಾಲು ಎತ್ತಿ ಇಡುತ್ತ, ಸರಿಸುತ್ತ, ಡ್ರೈವರನನ್ನು ಬೈಯುತ್ತ ಹೋಗುತ್ತಾರೆ. ಅಂದು ಅಕ್ಕನ ಚಪ್ಪಲಿ ಎಂದಿನಂತೆ ಜಾರಿತ್ತು. ಪಕ್ಕದವಳು ಕೇಳಿದಳಂತೆ, "ಕಾಲು ಸುಡವಲ್ದೇನ ಬೇ ನಿನಗ?" ಎಂದು. "ದಿನಾ ಬೆಂಕಿ ಮುಂದ ಕುಂದರೋ ಮಂದಿ ನಾವು, ನಮಗೇನು ಸುಡತದ?" ಎಂದು ಅಕ್ಕ ಗತ್ತಿನಿಂದ ಹೇಳಿದಳಂತೆ. ಹೇಳಿ ದೇವದುರ್ಗದಿಂದ ಮಾನ್ವಿಯ ತನಕ ಆ ತಗಡಿನ ಮೇಲೆ ಎಡಗಾಲು ಊರಿಕೊಂಡೇ ಹೋದಳು.

ಗಾಯ ಕಂಡವಳು ಸೊಸೆ. ಅದೂ ಗಾಯವನ್ನಲ್ಲ. ರೊಟ್ಟಿಯ ಕೋಣೆಯ ನೆಲದ ಮೇಲೆ ಅತ್ತೆ ನಡೆದ ಕಡೆಯೆಲ್ಲ ಒಂದೇ ಕಾಲಿನ ಒದ್ದೆ ಹೆಜ್ಜೆ ಮೂಡಿರುವುದನ್ನು ಕಂಡಳು. ನೀರು ತುಳಿದು ಬಂದಿರಬೇಕು ಎಂದು ಒರೆಸಿದಳು, ಮತ್ತೆ ಮೂಡಿತು. ಬಗ್ಗಿ ಅತ್ತೆಯ ಕಾಲು ಎತ್ತಿ ನೋಡಿ ಕೂಗಿಕೊಂಡಳು. ಹೆಬ್ಬೆರಳಿನ ಕೆಳಗೆ ಬೊಬ್ಬೆ ಒಡೆದು ಒಳಗೆಲ್ಲ ಕೊಳೆತಿತ್ತು. ಅಷ್ಟು ದಿನ ಅದರ ಮೇಲೆಯೇ ಭಾರ ಹಾಕಿ ಅಕ್ಕ ಓಡಾಡಿದ್ದಳು. ನೋವಾದರೆ ತಾನೇ ಕುಂಟುವುದು.

ಅರಿಶಿನ ಹಚ್ಚಿದರು, ಇಂಜೆಕ್ಷನ್ ಕೊಡಿಸಿದರು, ಪಟ್ಟಿ ಕಟ್ಟಿಸಿದರು. ನನಗೆ ಸುದ್ದಿ ಮುಟ್ಟಿ ರಾಯಚೂರಿಗೆ ಕರೆಸಿಕೊಳ್ಳುವ ಹೊತ್ತಿಗೆ ಹೆಬ್ಬೆರಳು ಕಪ್ಪಾಗಿತ್ತು. ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಕಾಲು ಉಳಿದದ್ದೇ ಪುಣ್ಯ ಎಂದರು. ಆಪರೇಷನ್ ಆದ ಮೇಲೆ ಅಕ್ಕ ಕೇಳಿದ ಮೊದಲ ಮಾತು, "ಕಾಲುಂಗರ ಎಲ್ಲಿಟ್ಟೀದಿ?" ನಾನು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಭಾವ ಹೋದ ಮೇಲೂ ಆ ಕಾಲುಂಗರವನ್ನು ಅವಳು ತೆಗೆದಿರಲಿಲ್ಲ. ಜನ ಆಡಿಕೊಂಡರೂ ಕೇಳಿರಲಿಲ್ಲ.

ಮನೆಗೆ ಕಳಿಸುವ ಮೊದಲು ಇನ್ನೊಬ್ಬ ಡಾಕ್ಟರು ಬಂದರು, ವಯಸ್ಸಿನಲ್ಲಿ ಚಿಕ್ಕವರು. ಅವರ ಕೈಯಲ್ಲಿ ಪೆನ್ನಿನಂಥ ಹಿಡಿಕೆ, ಅದರ ತುದಿಗೆ ಗಟ್ಟಿಯಾದ ನೈಲಾನ್ ಎಳೆ. ಬಲಗಾಲು ಹೇಗಿದೆ ನೋಡಬೇಕು ಎಂದರು.

"ಅಮ್ಮಾ, ಕಣ್ಣು ಮುಚ್ಚಿಕೊಳ್ರಿ. ಈ ಎಳಿ ನಿಮ್ಮ ಕಾಲಿಗೆ ಮುಟ್ಟಸ್ತೀನಿ. ಮುಟ್ಟಿದಾಗ ಹೂಂ ಅನ್ರಿ."

"ಪರೀಕ್ಷೆ ಏನ್ರೀ?" ಎಂದಳು ಅಕ್ಕ. ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.

ಡಾಕ್ಟರು ಹೆಬ್ಬೆರಳಿಗೆ ಎಳೆ ಒತ್ತಿದರು. ಎಳೆ ಬಾಗಿತು. ಅಕ್ಕ ಸುಮ್ಮನಿದ್ದಳು. ಮತ್ತೊಂದು ಕಡೆ ಒತ್ತಿದರು, ಸುಮ್ಮನಿದ್ದಳು. ಕಣ್ಣು ಮುಚ್ಚಿದ್ದರೂ ಏನೋ ಅಂದಾಜಾಗಿರಬೇಕು, "ಹೂಂ" ಎಂದಳು. ಸ್ವಲ್ಪ ತಡೆದು ಮತ್ತೆ "ಹೂಂ" ಎಂದಳು. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದರು. ಅಕ್ಕನ ಕಾಲಿನ ಹತ್ತಿರ ಈಗ ಏನೂ ಇರಲಿಲ್ಲ. ಅವಳು ಮಾತ್ರ ಒಂದೇ ಲಯದಲ್ಲಿ, ಕಥೆ ಕೇಳುವವರ ಹಾಗೆ, "ಹೂಂ... ಹೂಂ..." ಎನ್ನುತ್ತಲೇ ಇದ್ದಳು. ಕಣ್ಣು ತೆರೆದು ನನ್ನ ಕಡೆ ತಿರುಗಿ, "ಎಲ್ಲಾ ಬರೋಬ್ಬರಿ ಹೇಳಿದ್ನಿಲ್ಲ?" ಎಂದು ಕೇಳಿದಳು.

ನಾನು ಅವಳ ಕಾಲಿನ ಮೇಲೆ ಹೊದಿಕೆ ಎಳೆದೆ. ಡಾಕ್ಟರೇ ಮೆಲ್ಲಗೆ ಕೇಳಿದರು, "ಅಮ್ಮಾ, ನಡೀವಾಗ ಚಪ್ಪಲಿ ಕಾಲಿಂದ ಜಾರಿ ಹೋದ್ರ ನಿಮಗ ಗೊತ್ತಾಗತಿತ್ತೇನ್ರೀ?"

ಅಕ್ಕನ ಚಪ್ಪಲಿಯ ಮಾತು ಬಂದರೆ ನಮಗೆ ನಗುವ ರೂಢಿ. ನನ್ನ ತುಟಿ ಆಗಲೇ ಅರ್ಧ ನಗುವಿಗೆ ಬಂದಿತ್ತು, ಅಲ್ಲೇ ನಿಂತಿತು. ಮಾನ್ವಿಯ ಕರಿ ಚಪ್ಪಲಿ, ನೀರಮಾನ್ವಿಯ ಡಾಂಬರು, ಗುಡಿಯ ಕಲ್ಲು, ಹರಳೆಣ್ಣೆ, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಅವಳ ಕಾಲು ಇಷ್ಟು ವರ್ಷ ಸೂಚನೆ ಕೊಡುತ್ತಲೇ ಇತ್ತು. ನಾವು ಅದಕ್ಕೆ ಕಾಯಿ ಒಡೆಸಿದ್ದೆವು.

ಹೊರಗೆ ಬಂದ ಮೇಲೆ ಡಾಕ್ಟರು ವಿವರವಾಗಿ ಹೇಳಿದರು. ಹೋದ ಸ್ಪರ್ಶ ತಿರುಗಿ ಬರುವುದು ಕಷ್ಟ. ಆದರೆ ಮೊದಲೇ ಗೊತ್ತಾಗಿದ್ದರೆ ಸಕ್ಕರೆಯನ್ನು ಹಿಡಿತಕ್ಕೆ ತಂದು ಅದು ಮುಂದುವರಿಯುವುದನ್ನು ನಿಧಾನ ಮಾಡಬಹುದಿತ್ತು, ಸರಿಯಾದ ಚಪ್ಪಲಿ ಹಾಕಿಸಿ, ದಿನಾ ಪಾದ ನೋಡಿಕೊಂಡು ಬೆರಳು ಉಳಿಸಿಕೊಳ್ಳಬಹುದಿತ್ತು. ಶುಗರ್ ಇದ್ದವರು ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಾಲು ಪರೀಕ್ಷೆ ಮಾಡಿಸಬೇಕು. "ನಿಮಗೂ ಶುಗರ್ ಅದ ಅಂದ್ರಿ. ಮುಂದಿನ ವಾರ ಬರ್ರಿ" ಎಂದರು. ಬರುತ್ತೇನೆ ಎಂದೆ. ಮುಂದಿನ ವಾರ ಅಕ್ಕನ ಗಾಯದ ಪಟ್ಟಿ ಬದಲಿಸುವುದು, ಆಮೇಲೆ ಶಾಲೆ ಶುರು, ಆಮೇಲೆ ಇನ್ನೇನೋ. ನನ್ನ ಕಾಲಿಗೆ ಏನಾಗಿದೆ? ನಾನೇನು ಚಪ್ಪಲಿ ಕಳೆಯುವವಳಲ್ಲ. ಮೊದಲಿನಿಂದಲೂ ಬಕಲ್ ಇರುವ ಚಪ್ಪಲಿಯನ್ನೇ ಬಿಗಿಯಾಗಿ ಕಟ್ಟಿಕೊಂಡು ಶಾಲೆಗೆ ಹೋಗುವವಳು.

ಒಂದು ನೈಲಾನ್ ಎಳೆ. ಅಷ್ಟೇ ಬೇಕಿದ್ದದ್ದು. ಬೀಗರ ಮನೆಯಲ್ಲಿ ಉಪ್ಪಿಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗುವ ನಾವು ಕಾಲಿನಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಎಂಬ ಮಾತನ್ನು ಒಬ್ಬ ಡಾಕ್ಟರ ಮುಂದೆಯೂ ಹೇಳಲಿಲ್ಲ. ಹೇಳುವಂಥದ್ದು ಅದು ಎಂದೇ ಹೊಳೆಯಲಿಲ್ಲ. ಈ ಕೊರಗು ನನ್ನನ್ನು ಬಿಡುವುದಿಲ್ಲ, ಬಿಡಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಅಕ್ಕ ಈಗ ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಹಾಕುತ್ತಾಳೆ. ಮನೆಯೊಳಗೂ ಅದೇ. ದಿನಾ ಮುಂಜಾನೆ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತಾಳೆ. "ಮುಖಾ ನೋಡಿಕೊಳ್ಳೋ ವಯಸ್ಸು ಹೋತು, ಕಾಲು ನೋಡಿಕೊಳ್ಳೋ ವಯಸ್ಸು ಬಂತು" ಎನ್ನುತ್ತಾಳೆ. ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟುಕೊಟ್ಟಿದ್ದಾಳೆ. ಬಿಟ್ಟುಕೊಟ್ಟು ಪಕ್ಕದಲ್ಲೇ ಕೂತು ಪ್ರತಿ ರೊಟ್ಟಿಗೂ ದಪ್ಪ, ತೆಳು ಎಂದು ಹೆಸರಿಡುತ್ತಾಳೆ. ಬಲಗಾಲೊಂದು ಉಳಿಯಬೇಕು ಎಂಬುದೇ ಈಗ ಇಡೀ ಮನೆಯ ಹರಕೆ.

ಈ ಸಲ ನೀರಮಾನ್ವಿಗೆ ಹೋದಾಗ ಅವಳು ಗುಡಿಯೊಳಗೆ ಬರಲಿಲ್ಲ. ಕಾದ ಕಲ್ಲಿನ ಮೇಲೆ ಬರಿಗಾಲು ಇಡಕೂಡದು ಎಂದು ಡಾಕ್ಟರು ಹೇಳಿದ್ದರು. ಬೇವಿನ ಮರದ ಕೆಳಗೆ ಕೂತು, "ನಿನ್ನ ಚಪ್ಪಲಿ ಇಲ್ಲೇ ಬಿಡು, ಕಾಯ್ತೀನಿ. ಜಿಲ್ಲಾದಾಗ ಚಪ್ಪಲಿ ಕಳಿಯೋದು ನಾ ಒಬ್ಬಾಕಿ ಸಾಕು" ಎಂದಳು. ನಾನೊಬ್ಬಳೇ ಒಳಗೆ ಹೋಗಿ ಉಡಿ ತುಂಬಿ, ದೀಪ ಹಚ್ಚಿ ಬಂದೆ. ಮುಗಿಯುವ ತನಕ ಬೆನ್ನ ಹಿಂದೆ ಅವಳಿಲ್ಲ ಎಂಬುದೇ ಮನಸ್ಸಿನಲ್ಲಿತ್ತು.

ತಿರುಗಿ ಬಂದು ಪಕ್ಕದಲ್ಲಿ ಕೂತೆ. ದೀಪಕ್ಕೆಂದು ತಂದಿದ್ದ ಹತ್ತಿಯ ಬತ್ತಿ ಒಂದೆರಡು ಉಳಿದಿದ್ದವು. ಅಕ್ಕ ಒಂದನ್ನು ತೆಗೆದುಕೊಂಡು ಬಿಡಿಸಿ ತುದಿ ಚೂಪು ಮಾಡಿದಳು.

"ನಿನ್ನ ಕಾಲಿನ ಪರೀಕ್ಷೆ ಮಾಡಿಸೀದಿಯೇನು?"

"ಮಾಡಸ್ತೀನಿ ಯಕ್ಕಾ. ಪುರಸೊತ್ತು ಸಿಗವಲ್ದು."

"ಕಾಲು ಚಾಚು. ಕಣ್ಣು ಮುಚ್ಚು. ಮುಟ್ಟಿದಾಗ ಹೂಂ ಅನ್ನು."

"ಮಂದಿ ನೋಡಾಕತ್ಯಾರ..."

"ನೋಡ್ಲಿ ಬಿಡು. ಚಾಚಬೇ!"

ನಗುತ್ತ ಕಣ್ಣು ಮುಚ್ಚಿದೆ. ಬಲಗಾಲಿನ ಬೆರಳುಗಳ ಮೇಲೆ ಬತ್ತಿ ಸವರಿತು. ಕಚಗುಳಿಯಾಯಿತು. ಹೂಂ, ಎಂದೆ. ಇನ್ನೊಂದು ಕಡೆ, ಹೂಂ. ಎಲ್ಲ ಸರಿಯಾಗಿತ್ತು. ಆಮೇಲೆ ಅವಳು ಎಡಗಾಲಿನ ಕಡೆ ಸರಿದು ಕೂತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ನಾನು ಕಾದೆ. ಗುಡಿಯ ಗಂಟೆ ಮೊಳಗಿತು, ಯಾರೋ ಕಾಯಿ ಒಡೆದರು. ಅಕ್ಕ ಇನ್ನೂ ಮುಟ್ಟಲಿಲ್ಲ.

"ಯಾಕ ನಿಂತಿ? ಮುಟ್ಟು" ಎಂದೆ.

ಕಣ್ಣು ತೆರೆದೆ. ಬತ್ತಿ ನನ್ನ ಕಿರುಬೆರಳಿನ ಮೇಲೆಯೇ ಇತ್ತು.

"ಮತ್ತ ಮುಚ್ಚು" ಎಂದಳು. ಮುಚ್ಚಿದೆ. ಮತ್ತೆ ಮಾಡಿದಳು, ಇನ್ನೊಂದು ಬೆರಳಿಗೆ ಮಾಡಿದಳು. ಒಂದು ಕಡೆ ಗೊತ್ತಾಯಿತು, ಒಂದು ಕಡೆ ಗೊತ್ತಾಗಲಿಲ್ಲ. ಗೊತ್ತಾಗದ ಕಡೆ ಹೂಂ ಅನ್ನಬೇಕು ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಅಂದು ಹಾಸಿಗೆಯ ಮೇಲೆ ಅವಳು ಯಾಕೆ ಹಾಗೆ ಮಾಡಿದಳು ಎಂಬುದು ಆಗ ತಿಳಿಯಿತು.

ಅಕ್ಕ ಬತ್ತಿಯನ್ನು ಎಸೆದಳು. ಸೆರಗಿನ ತುದಿಯಿಂದ ನನ್ನ ಪಾದದ ಧೂಳು ಒರೆಸಿ, ಚಪ್ಪಲಿ ತಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಾನೇ ಬಗ್ಗಿ ನನ್ನ ಕಾಲಿಗೆ ಹಾಕಿದಳು. ಬಕಲ್ ಸಿಕ್ಕಿಸುವಾಗ ಎರಡು ಸಲ ತೂತು ತಪ್ಪಿಸಿದಳು. ದನಿ ಮಾತ್ರ ಎಂದಿನ ಜೋರಿನದೇ.

"ನಾ ಇವತ್ತು ದೇವದುರ್ಗಕ್ಕ ಹೋಗಂಗಿಲ್ಲ. ನಿನ್ನ ಸಂಗಾಟ ರಾಯಚೂರಿಗೆ ಬರ್ತೀನಿ. ನಾಳಿ ಸೂಟಿ ಹಾಕು, ಮುಂಜಾನಿನ ದವಾಖಾನಿಗೆ ಹೋಗೂಣು. ನಿಂದು ಇನ್ನಾ ಸುರುವಿಗದ, ಕೇಳಾಕತ್ತೀಯಿಲ್ಲ? ಸುರುವಿಗದ. ಹೂಂ ಅನ್ನು."

"ಹೂಂ" ಎಂದೆ.